ವೇಜೇರ್ ನದಿಯ ದಡದ ಲೇಜೇಜಿ

ಮಾನವನ ಪೂರ್ವೇತಿಹಾಸವನ್ನು ಓದಲು ತೊಡಗಿದ ವಿದ್ಯಾರ್ಥಿಗೆ ಕ್ರೋಮ್ಯಾಗ್ನನ್, ಮ್ಯಾಗ್ಡಲೇನಿಯನ್, ಮೂಸ್ಟೇರಿಯನ್ ಎಂಬ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಇವು ಯಾವುದೋ ಪ್ರಾಚೀನ ಭಾಷೆಯಿಂದ ಆರಿಸಿಕೊಂಡ ಪಾರಿಭಾಷಿಕ ಶಬ್ದಗಳೆಂದು ತೋರಬಹುದು. ನಿಜವಾಗಿ ಇವೆಲ್ಲ ಸ್ಥಳನಾಮಗಳು. ಫ್ರಾನ್ಸಿನ ಒಂದು ಕಿರುನದಿಯ ಇಕ್ಕೆಲಗಳಲ್ಲಿ, ಹತ್ತು ಹನ್ನೆರಡು ಕಿಲೋಮೀಟರುಗಳ ಅಂತರದೊಳಗೆ ಇರುವ ಮೂರು ಎಡೆಗಳು ಇವಕ್ಕೆ ಮೂಲ. ಆ ನದಿಯ ಹೆಸರು ವೇಜೇರ್. ಅದರ ದಡದ ಮುಖ್ಯ ಗ್ರಾಮ ಲೇಜೇಜಿ. ಸುಮಾರು ಸಾವಿರ ಜನರ ಈ ಪುಟ್ಟ ಗ್ರಾಮ ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಸ್ಥಾನವನ್ನು ಪಡೆದುದು ಹೇಗೆ? ಇದಕ್ಕೆ ಉತ್ತರವನ್ನು ಮೊದಲು ಅಲ್ಲಿಯ ಭೂಗೋಳದಲ್ಲಿ ಹುಡುಕಬೇಕು.

ನದಿ ಮತ್ತು ಬಂಡೆ

ಫ್ರಾನ್ಸಿನ ನಡುಭಾಗದಲ್ಲಿ ಮಿಲ್‌ವಾಶ್ ಎಂಬ ಪ್ರಸ್ಥಭೂಮಿಯಿದೆ. ವೇಜೇರ್ ಅಲ್ಲಿ ಹುಟ್ಟಿ, ನೈರುತ್ಯಾಭಿಮುಖವಾಗಿ ಸುಮಾರು ೨೧೦ ಕಿಲೋಮೀಟರ್ ಹರಿದು, ಲಿಮೇಲ್ ಎಂಬಲ್ಲಿ ದಾರ್ದೋನ್ ನದಿಯನ್ನು ಸೇರುತ್ತದೆ. ದಾರ್ದೋನಿನ ನೀರು ಕಡೆಗೆ ಅಟ್ಲಾಂಟಿಕ್ ಸಾಗರವನ್ನು ಮುಟ್ಟುತ್ತದೆ. ಲಿಮೇಲಿಗೆ ತುಸು ಮೇಲೆ, ಬ್ಯೋನ್ ಎಂಬ ಹೊಳೆ ವೇಜೇರನ್ನು ಕೂಡುವ ಜಾಗದಲ್ಲಿ, ಲೇಜೇಜಿ ನೆಲೆಸಿದೆ. ಅದರ ಅಕ್ಷಾಂಶ ಹೆಚ್ಚು ಕಡಮೆ ೪೫ ಡಿಗ್ರಿ ಉತ್ತರ; ಎಂದರೆ ಭೂಮಧ್ಯರೇಖೆಗೂ ಉತ್ತರ ಧ್ರುವಕ್ಕೂ ನಡುವೆ.

ಊರಿನ ಮನೆಗಳು ಒಂದು ಕಡಿದಾದ ಬಂಡೆಗೋಡೆಯ ಬುಡಕ್ಕೆ ಒತ್ತಿಕೊಂಡು ನಿಂತಿವೆ. ಈ ಬಂಡೆ ಸುಣ್ಣಕಲ್ಲು. ಸುಮಾರು ೯ ಕೋಟಿ ವರ್ಷಗಳ ಹಿಂದೆ ಈ ಪ್ರದೇಶವು ಕಡಲಿನಡಿಯಲ್ಲಿದ್ದಾಗ, ಜಲಜೀವಿಗಳ ಚಿಪ್ಪುಗಳೂ ಸುಣ್ಣದ ಕೆಸರೂ ಪದರಪದರವಾಗಿ ಶೇಖರಗೊಂಡು ಈ ಶಿಲೆಯಾಯಿತು. ಬಳಿಕ ನೆಲ ಮೇಲೆದ್ದಿತು. ನದಿಯು ಅದನ್ನು ಕೊರೆದು ಕಣಿವೆಯನ್ನು ಮಾಡಿತು.

ಸುಣ್ಣಕಲ್ಲಿಗೆ ಎರಡು ಬಗೆಯ ಶತ್ರುಗಳುಂಟು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಕೊಂಚ ಆಮ್ಲಗುಣವನ್ನು ಪಡೆಯುತ್ತದೆ. ಆ ನೀರು ಬಿರುಕುಗಳಲ್ಲಿ ಇಳಿದು ಸುಣ್ಣವನ್ನು ಕರಗಿಸುತ್ತ ಸಾಗಿದರೆ ಉದ್ದನೆಯ ಗುಹೆಗಳುಂಟಾಗುತ್ತವೆ. ಎರಡನೆಯ ಶತ್ರು ಚಳಿ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದೆಂಬುದನ್ನು ನಾವು ಬಲ್ಲೆವು. ಹಿಮಯುಗದಲ್ಲಿ ಬಂಡೆಯ ಮೆತುವಾದ ಪದರಗಳೊಳಕ್ಕೆ ಇಂಗಿದ ನೀರು ಇರುಳು ಗಡ್ಡೆಕಟ್ಟಿ ಹಗಲು ಕರಗುತ್ತ, ಕಲ್ಲನ್ನು ಚೂರುಚೂರಾಗಿ ಉದುರಿಸಿತು. ಮೇಲಿನ ಗಟ್ಟಿ ಪದರ ಮಾತ್ರ ಚಜ್ಜದಂತೆ ಮುಂಚಾಚಿ ಉಳಿಯಿತು. ಇಂತಹ ಆಳವಿಲ್ಲದ, ಮುಂದೆ ತೆರೆದಿರುವ ಮರೆಯನ್ನು ಕಲ್ಲಾಸರೆ ಎನ್ನಬಹುದು.

ಕಲ್ಲಾಸರೆಯಲ್ಲಿ ವಾಸಿಸುವವರಿಗೆ ಗಾಳಿ ಮಳೆಗಳ ಕಾಟ ಕಡಮೆ. ಆಯುಧಗಳಿಗೆ ಬೇಕಾದ ಚಕಮಕಿ ಕಲ್ಲಿನ ಗಟ್ಟಿಗಳು ಇದೇ ಸುಣ್ಣಕಲ್ಲಿನಲ್ಲಿ ಹುದುಗಿದ್ದವು. ಎದುರಿನ ಹೊಳೆಯಲ್ಲಿ ಮೀನು, ಕಣಿವೆಯಲ್ಲಿ ಹಿಮಸಾರಂಗದ ಹಿಂಡುಗಳು. ಹೀಗೆ ಆಸರೆ, ಆಯುಧ, ಆಹಾರ ಮೂರೂ ಒಂದೆಡೆ ದೊರೆತುದರಿಂದಲೇ ಸಹಸ್ರಾರು ವರ್ಷ ಜನ ಇಲ್ಲಿಗೆ ಮತ್ತೆ ಮತ್ತೆ ಬಂದು ನೆಲೆಸಿದರು. ಅವರು ಬಿಟ್ಟುಹೋದ ಬೂದಿ, ಮೂಳೆ, ಕಲ್ಲಿನ ಚಕ್ಕೆಗಳ ಮೇಲೆ ಚಾವಣಿಯ ಪುಡಿ ಉದುರಿ ಮುಚ್ಚಿತು. ಗ್ರಾಮದ ನಡುವೆಯೇ ಇರುವ ಪಾಟೋ ಕಲ್ಲಾಸರೆಯನ್ನು ಅಮೆರಿಕದ ಹ್ಯಾಲಮ್ ಮೂವಿಯಸ್ ಅವರು ೧೯೫೮ರಿಂದ ೧೯೬೪ರವರೆಗೆ ಅಗೆಯಿಸಿದಾಗ, ಒಂಬತ್ತು ಮೀಟರಿಗೂ ಮಿಕ್ಕ ದಪ್ಪದ ಸಂಚಯದಲ್ಲಿ ಹದಿನಾಲ್ಕು ವಾಸಸ್ತರಗಳು ಕಂಡುಬಂದವು. ಕೆಳಗಿನದು ಸುಮಾರು ೩೫,೦೦೦ ವರ್ಷಗಳಷ್ಟು ಹಳೆಯದು. ಮೇಲಿನದು ಸುಮಾರು ೨೦,೦೦೦ ವರ್ಷಗಳದು.

ದಂತದ ಮೇಲಿನ ಚಿತ್ರ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯೂರೋಪಿನ ವಿದ್ವಾಂಸರ ನಡುವೆ ಒಂದು ದೊಡ್ಡ ವಿವಾದವಿದ್ದಿತು. ಅಳಿದುಹೋದ ಪ್ರಾಣಿಗಳ ಮೂಳೆಗಳೊಡನೆ ಮನುಷ್ಯನು ಮಾಡಿದ ಕಲ್ಲಿನ ಉಪಕರಣಗಳು ಅಲ್ಲಲ್ಲಿ ದೊರೆಯುತ್ತಿದ್ದವು. ಹಾಗಾದರೆ ಮನುಷ್ಯನೂ ಆ ಪ್ರಾಣಿಗಳೂ ಒಂದೇ ಕಾಲದಲ್ಲಿ ಬಾಳಿದ್ದರೆಂದು ಹೇಳಬಹುದೆ? ಮನುಷ್ಯಕುಲಕ್ಕೆ ಆರೇಳು ಸಾವಿರ ವರ್ಷಗಳಿಗಿಂತ ಹೆಚ್ಚಿನ ವಯಸ್ಸನ್ನು ಒಪ್ಪದವರು, ಪ್ರವಾಹಗಳು ಬೇರೆ ಬೇರೆ ಕಾಲದ ವಸ್ತುಗಳನ್ನು ಕೂಡಿಸಿ ಕಲಸಿವೆ ಎಂದು ವಾದಿಸುತ್ತಿದ್ದರು.

೧೮೬೩ರಲ್ಲಿ ಫ್ರೆಂಚ್ ವಿದ್ವಾಂಸ ಎಡ್ವಾರ್ ಲಾರ್ತೆ ಮತ್ತು ಅವನ ಇಂಗ್ಲಿಷ್ ಗೆಳೆಯ ಹೆನ್ರಿ ಕ್ರಿಸ್ಟಿ ಈ ಕಣಿವೆಯಲ್ಲಿ ಉತ್ಖನನವನ್ನು ಆರಂಭಿಸಿದರು. ೧೮೬೪ರಲ್ಲಿ ಲಾ ಮ್ಯಾದ್ಲೆನ್ ಎಂಬ ಕಲ್ಲಾಸರೆಯಲ್ಲಿ ದಂತದ ಕೆಲವು ಚೂರುಗಳು ಅವರಿಗೆ ದೊರಕಿದವು. ಜೋಡಿಸಿ ನೋಡಿದಾಗ ಅದರ ಮೇಲೆ ಕೊರೆದ ಚಿತ್ರವೊಂದು ಕಾಣಿಸಿತು: ಉಬ್ಬಿದ ತಲೆ, ಬಾಗಿದ ಕೋರೆಗಳು, ಮೈಯಿಂದ ಜೋಲುವ ಉದ್ದನೆಯ ಕೂದಲು. ಅದು ಮ್ಯಾಮತ್ ಎಂಬ, ಈಗ ಅಳಿದುಹೋಗಿರುವ ರೋಮಭರಿತ ಆನೆ; ಆ ದಂತವೂ ಮ್ಯಾಮತ್ತಿನದೇ.

ಈ ಸಾಕ್ಷ್ಯದ ಬಲವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೂಳೆಯನ್ನೂ ಕಲ್ಲನ್ನೂ ಪ್ರವಾಹವು ಒಂದೆಡೆ ಸೇರಿಸಬಲ್ಲುದು. ಆದರೆ ದಂತದ ಮೇಲೆ ಚಿತ್ರ ಬರೆಯಲಾರದು. ಬರಿಯ ಅಸ್ಥಿಯನ್ನು ಕಂಡವನು ಕೂದಲನ್ನು ಊಹಿಸಿ ಬಿಡಿಸುವುದೂ ಸಂಭವವಲ್ಲ. ಚಿತ್ರ ಕೊರೆದವನು ಜೀವಂತ ಮ್ಯಾಮತ್ತನ್ನು ಕಣ್ಣಾರೆ ಕಂಡಿರಲೇಬೇಕು. ಮನುಷ್ಯನು ಮ್ಯಾಮತ್ತಿನ ಸಮಕಾಲೀನನೆಂಬುದು ಹೀಗೆ ಸ್ಥಿರಪಟ್ಟಿತು. ಹಿಮಯುಗದ ಕೊನೆಯ ಸಂಸ್ಕೃತಿಗೆ ಮ್ಯಾಗ್ಡಲೇನಿಯನ್ ಎಂಬ ಹೆಸರು ಬಂದುದು ಈ ಲಾ ಮ್ಯಾದ್ಲೆನಿನಿಂದಲೇ. ಅದಕ್ಕಿಂತ ಬಹು ಹಿಂದಿನ ನಿಯಾಂಡರ್ತಲ್ ಮಾನವರ ಉಪಕರಣಗಳಿಗೆ ಹೆಸರು ಕೊಟ್ಟದ್ದು ನದಿಯ ಮೇಲ್ದಿಕ್ಕಿನ ಲ ಮೂಸ್ಟಿಯೇ ಗ್ರಾಮ.

ಕ್ರೋಮ್ಯಾಗ್ನನ್ ಜನರು

೧೮೬೩ರಲ್ಲೇ ಲೇಜೇಜಿಗೆ ರೈಲುದಾರಿಯೂ ಬಂದಿತು. ೧೮೬೮ರಲ್ಲಿ ನಿಲ್ದಾಣದ ಸಮೀಪ ರಸ್ತೆಯ ಏರಿಗಾಗಿ ಕೂಲಿಗಳು ಬಂಡೆಯ ಬುಡದ ಮಣ್ಣನ್ನು ತೆಗೆಯುತ್ತಿದ್ದಾಗ ಮನುಷ್ಯರ ಅಸ್ಥಿಗಳು ಹೊರಬಿದ್ದವು. ಅಲ್ಲಿದ್ದ ಕಲ್ಲಾಸರೆಗೆ ಕ್ರೋಮ್ಯಾಗ್ನನ್ ಎಂದು ಹೆಸರು. ಎಡ್ವಾರನ ಮಗ ಲೂಯಿ ಲಾರ್ತೆ ಬಂದು ಕ್ರಮವಾಗಿ ಅಗೆಯಿಸಿದನು. ಒಂದು ಹಸುಗೂಸೂ ಸೇರಿ ಕನಿಷ್ಠ ಐವರ ಅವಶೇಷಗಳು ಅಲ್ಲಿದ್ದವು. ಜೊತೆಯಲ್ಲಿ ತೂತು ಕೊರೆದ ಕಡಲ ಚಿಪ್ಪುಗಳೂ ದೊರೆತವು. ಅಟ್ಲಾಂಟಿಕ್ ತೀರ ಅಲ್ಲಿಂದ ೧೫೦ ಕಿಲೋಮೀಟರಿಗೂ ದೂರ. ಆದ್ದರಿಂದ ಆ ಜನ ದೂರ ಸಂಚಾರವನ್ನೋ ವಿನಿಮಯವನ್ನೋ ಬಲ್ಲವರಾಗಿದ್ದರೆಂದೂ, ಸತ್ತವರನ್ನು ಒಡವೆಗಳೊಡನೆ ಹೂಳುತ್ತಿದ್ದರೆಂದೂ ತಿಳಿಯಿತು.

ಅವರ ಎತ್ತರವಾದ ಹಣೆ, ಮುಂಚಾಚಿದ ಗಲ್ಲ ನಮ್ಮವೇ. ಅವರು ಹೋಮೋ ಸೇಪಿಯನ್ಸ್ ಜಾತಿಗೆ ಸೇರಿದವರು. ಅವರ ಕಾಲ ಈಗಿಗೆ ಸುಮಾರು ೩೦,೦೦೦ ವರ್ಷಗಳ ಹಿಂದಿನದು. ನಮ್ಮ ಜಾತಿಯ ಇದಕ್ಕಿಂತ ಎಷ್ಟೋ ಪಾಲು ಹಳೆಯ ಅವಶೇಷಗಳು ಬಳಿಕ ಆಫ್ರಿಕದಲ್ಲಿ ಸಿಕ್ಕಿವೆ.

ಗೋಡೆಯ ಮೇಲಿನ ಮೃಗಗಳು

ಮನುಷ್ಯನ ಪ್ರಾಚೀನತೆಯನ್ನು ಒಪ್ಪಿದವರೂ ಅವನ ಕಲೆಯನ್ನು ಬೇಗ ಒಪ್ಪಲಿಲ್ಲ. ೧೮೭೯ರಲ್ಲಿ ಸ್ಪೇನಿನ ಆಲ್ತಮೀರ ಗುಹೆಯಲ್ಲಿ ಕಂಡ ವರ್ಣಚಿತ್ರಗಳನ್ನು ಅನೇಕ ಪಂಡಿತರು ಇತ್ತೀಚಿನ ಯಾರದೋ ಕೈವಾಡವೆಂದು ತಳ್ಳಿಹಾಕಿದರು. ೧೮೯೫ರಲ್ಲಿ ಲೇಜೇಜಿಯ ಹತ್ತಿರದ ಲಾ ಮೂತ್ ಗುಹೆಯಲ್ಲಿ, ಪ್ರಾಚೀನ ಸಂಚಯ ತುಂಬಿ ಮುಚ್ಚಿಹೋಗಿದ್ದ ಹಾದಿಯಾಚೆ, ಗೋಡೆಯಲ್ಲಿ ಕೆತ್ತಿದ ಚಿತ್ರಗಳು ಕಂಡವು. ಹಾದಿ ಮುಚ್ಚುವ ಮೊದಲೇ ಅವುಗಳನ್ನು ಕೆತ್ತಿರಬೇಕಷ್ಟೆ. ೧೯೦೧ರ ಸೆಪ್ಟೆಂಬರಿನಲ್ಲಿ ಒಂದೇ ವಾರದೊಳಗೆ ಕೊಂಬಾರೆಲ್ ಗುಹೆಯ ನೂರಾರು ಕೆತ್ತನೆಗಳೂ ಫೋಂ-ದ-ಗೋಮ್ ಗುಹೆಯ ಬಣ್ಣದ ಬೈಸನ್, ಕುದುರೆ, ಹಿಮಸಾರಂಗಗಳೂ ಬೆಳಕಿಗೆ ಬಂದವು. ಇವನ್ನು ಗುರುತಿಸಿದವರು ಮೂವರು: ವೈದ್ಯನಾದ ಕಾಪಿತಾನ್, ತರುಣ ಪಾದ್ರಿ ಬ್ರೆಯ್, ಗ್ರಾಮದ ಶಾಲೆಯ ಉಪಾಧ್ಯಾಯ ದೆನಿ ಪೇರೊನೀ. ಮರುವರ್ಷ, ಆಲ್ತಮೀರವನ್ನು ಸಂದೇಹಿಸಿದವರಲ್ಲಿ ಪ್ರಮುಖನಾದ ಕಾರ್ತಯಾಕ್ ತನ್ನ ತಪ್ಪನ್ನು ಲೇಖನದ ಮೂಲಕ ಬಹಿರಂಗವಾಗಿ ಒಪ್ಪಿಕೊಂಡನು.

ಕಾಪಾಡುವ ಹೊಣೆ

ಕೀರ್ತಿಯೊಡನೆ ಅಪಾಯವೂ ಬಂದಿತು. ೧೯೧೨ರಲ್ಲಿ ಊರಿನ ಬಳಿಯ ಒಂದು ಕಲ್ಲಾಸರೆಯ ಚಾವಣಿಯಲ್ಲಿ, ಮೀಟರಿಗಿಂತ ತುಸು ಉದ್ದವಾದ ಸಾಲ್ಮನ್ ಮೀನಿನ ಉಬ್ಬುಕೆತ್ತನೆ ಕಾಣಿಸಿತು. ಸುಮಾರು ೨೫,೦೦೦ ವರ್ಷಗಳ ಹಿಂದಿನ ಆ ಶಿಲ್ಪಿಯು ಮೀನಿನ ಕೆಳದವಡೆ ಕೊಕ್ಕೆಯಂತೆ ಮೇಲಕ್ಕೆ ಬಾಗಿರುವುದನ್ನೂ ತೋರಿಸಿದ್ದಾನೆ. ಮೊಟ್ಟೆಯಿಡುವ ಕಾಲದಲ್ಲಿ ಗಂಡು ಸಾಲ್ಮನ್ನಿಗೆ ಬರುವ ಲಕ್ಷಣವಿದು. ಈ ಕೆತ್ತನೆಯನ್ನು ಕೊರೆದು ತೆಗೆದು ಹೊರದೇಶಕ್ಕೆ ಮಾರುವ ಪ್ರಯತ್ನ ನಡೆಯಿತು. ಸರ್ಕಾರ ಅಡ್ಡಬಂದುದರಿಂದ ಮೀನು ಉಳಿಯಿತು. ಸುತ್ತಲೂ ಕೊರೆದ ತೂತುಗಳು ಇಂದಿಗೂ ಕಾಣುತ್ತವೆ. ಕಲ್ಲಾಸರೆಯಿಂದ ಬೇರ್ಪಟ್ಟಿದ್ದರೆ ಅದು ಒಂದು ಸುಂದರ ವಸ್ತು ಮಾತ್ರ ಆಗುತ್ತಿತ್ತು. ಇರುವೆಡೆಯಲ್ಲೇ ಇರುವುದರಿಂದ ಅದು ಚರಿತ್ರೆಗೆ ಆಧಾರವಾಗಿದೆ.

ಪೇರೊನೀಯ ಪ್ರೇರಣೆಯಿಂದ ಸರ್ಕಾರವು ೧೯೧೩ರಲ್ಲಿ ಗ್ರಾಮದ ಪಾಳುಬಿದ್ದ ಕೋಟೆಯನ್ನು ಕೊಂಡಿತು. ೧೯೨೩ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ೨೦೦೪ರಲ್ಲಿ ಹೊಸ ಕಟ್ಟಡವೂ ಸೇರಿತು. ೧೯೭೯ರಲ್ಲಿ ಯುನೆಸ್ಕೋ ಸಂಸ್ಥೆಯು ವೇಜೇರ್ ಕಣಿವೆಯ ಹದಿನೈದು ನೆಲೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅಪಾಯ ಮಾರುವವರಿಂದ ಮಾತ್ರವೇ ಬರುವುದಿಲ್ಲ. ಅದೇ ನದಿಯ ಮೇಲ್ದಿಕ್ಕಿನಲ್ಲಿ ೧೯೪೦ರಲ್ಲಿ ದೊರೆತ ಲಾಸ್ಕೋ ಗುಹೆಯನ್ನು ೧೯೬೩ರಲ್ಲಿ ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಪ್ರೇಕ್ಷಕರ ಉಸಿರಿನ ತೇವ, ಮೈಯ ಶಾಖ, ಇಂಗಾಲಾಮ್ಲ ವಾಯು ಇವುಗಳಿಂದ ಗೋಡೆಗಳ ಮೇಲೆ ಪಾಚಿ ಬೆಳೆದಿತ್ತು. ಫೋಂ-ದ-ಗೋಮ್ ಗುಹೆಯೊಳಕ್ಕೆ ದಿನಕ್ಕೆ ಕೆಲವರನ್ನಷ್ಟೆ ಬಿಡುವುದಕ್ಕೆ ಇದೇ ಕಾರಣ. ಸಹಸ್ರಾರು ವರ್ಷ ಕತ್ತಲೆಯಲ್ಲಿ ಕೆಡದೆ ಉಳಿದ ಚಿತ್ರವನ್ನು ಕೆಲವೇ ವರ್ಷಗಳ ಮೆಚ್ಚುಗೆ ಕೆಡಿಸಬಲ್ಲುದು. ಆದುದರಿಂದ ಲೇಜೇಜಿಯಲ್ಲಿ ಅಗೆಯುವವರು ಇಂದು ಎಲ್ಲವನ್ನೂ ಒಮ್ಮೆಗೇ ಅಗೆಯುವುದಿಲ್ಲ. ನಮಗಿಂತ ಉತ್ತಮವಾದ ಉಪಕರಣಗಳೊಡನೆ ಬರುವ ಮುಂದಿನವರಿಗಾಗಿ ಮಣ್ಣಿನ ಒಂದು ಭಾಗವನ್ನು ಮುಟ್ಟದೆ ಬಿಡುತ್ತಾರೆ.