ಆಟದ ದೋಣಿಯೂ ನ್ಯಾಯದ ನಿಯಮವೂ

ಸ್ಪರ್ಧೆಯೆಂಬುದು ಎಲ್ಲಿದೆಯೋ ಅಲ್ಲಿ ನಿಯಮವೂ ಇರಲೇಬೇಕು. ನಿಯಮವಿಲ್ಲದ ಸ್ಪರ್ಧೆ ಕಲಹವಾಗುತ್ತದೆ. ಅನ್ಯಾಯದ ನಿಯಮವುಳ್ಳ ಸ್ಪರ್ಧೆ ಕೆಲವರ ಮೆರವಣಿಗೆಯಾಗುತ್ತದೆ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕರಾವಳಿಯ ಕಂಬಳವನ್ನೇ ನೋಡಿರಿ. ಅಲ್ಲಿ ಎಲ್ಲ ಕೋಣಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಓಡಿಸುವುದಿಲ್ಲ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಹಗ್ಗ ಮತ್ತು ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂಬ ಒಳಭೇದಗಳೂ ಉಂಟು. ಎಳೆಯ ಕೋಣಗಳು ನುರಿತ ಕೋಣಗಳೊಡನೆ ಓಡಿ ಮೊದಲ ದಿನವೇ ಎದೆಗುಂದಬಾರದು ಎಂಬ ವಿವೇಕ ಇದರಲ್ಲಿ ಅಡಗಿದೆ. ಕುಸ್ತಿಯ ಕಣದಲ್ಲಿ ತೂಕಕ್ಕೆ ತಕ್ಕಂತೆ ಜೋಡಿ ಕಟ್ಟುವುದೂ ಇದೇ ವಿವೇಕದಿಂದ.

ಈ ವಿವೇಕವು ಒಂದು ಹೊಸ ಬಗೆಯ ಆಟದಲ್ಲಿ ಹೇಗೆ ಕೆಲಸಮಾಡಿದೆ, ಹೇಗೆ ಕೆಲಸಮಾಡಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಆ ಆಟವೆಂದರೆ ರೇಡಿಯೋ ನಿಯಂತ್ರಿತ ದೋಣಿಗಳ ಪಂದ್ಯ. ಆಡುವವನು ದಡದಲ್ಲಿ ನಿಲ್ಲುತ್ತಾನೆ. ಕೈಯಲ್ಲಿ ಸಣ್ಣದೊಂದು ಪ್ರೇಷಕ ಯಂತ್ರ. ಕೆರೆಯ ನೀರಿನಲ್ಲಿ ಮೊಳದುದ್ದದ ದೋಣಿ. ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಆಟಿಕೆ ದೋಣಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ನಿಯಮ ಹೇಗೆ ಹುಟ್ಟುತ್ತದೆ, ಹೇಗೆ ಕೆಡುತ್ತದೆ, ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂಬುದನ್ನು ದೊಡ್ಡ ರಾಜ್ಯಗಳಲ್ಲಿ ಕಾಣುವುದಕ್ಕಿಂತ ಚಿಕ್ಕ ಕೆರೆಯ ದಡದಲ್ಲಿ ಸ್ಪಷ್ಟವಾಗಿ ಕಾಣಬಹುದೆಂಬುದೇ ನನ್ನ ಉತ್ತರ.

ರೇಡಿಯೋ ಅಲೆಗಳಿಂದ ದೋಣಿಯನ್ನು ನಡೆಸುವ ವಿದ್ಯೆ ಹೊಸದೇನಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಇಂಥ ದೋಣಿಯನ್ನು ಜನರಿಗೆ ತೋರಿಸಿ, ಅದೇ ವರ್ಷದ ನವೆಂಬರಿನಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಹಿಂದೆ 27 ಅಥವಾ 40 ಮೆಗಾಹರ್ಟ್ಸ್ ಸುಮಾರಿನ ಅಲೆಗಳನ್ನು ಬಳಸುತ್ತಿದ್ದಾಗ ಒಂದೇ ಆವರ್ತನದ ಇಬ್ಬರು ಒಟ್ಟಿಗೆ ಆಡುವಂತಿರಲಿಲ್ಲ. ಒಬ್ಬನ ಆಜ್ಞೆಗೆ ಇನ್ನೊಬ್ಬನ ದೋಣಿ ತಿರುಗುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಉಪಕರಣಗಳಲ್ಲಿ ಪ್ರತಿಯೊಂದು ಗ್ರಾಹಕವೂ ತನ್ನ ಪ್ರೇಷಕವನ್ನೇ ಗುರುತಿಸುವುದರಿಂದ ಆ ತೊಡಕು ನೀಗಿದೆ. ಹತ್ತಾರು ಜನ ಒಟ್ಟಿಗೆ ಆಡಬಹುದು. ಹತ್ತಾರು ಜನ ಸೇರಿದ ಮೇಲೆ, ಯಾರ ದೋಣಿಯೊಡನೆ ಯಾರ ದೋಣಿ ಓಡಬೇಕೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಆಧಾರ ಪ್ರಕೃತಿಯ ನಿಯಮದಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಎಂಜಿನಿಯರ್ ವಿಲಿಯಂ ಫ್ರೌಡ್ ಹಡಗುಗಳ ಮಾದರಿಗಳನ್ನು ನೀರಿನಲ್ಲಿ ಎಳೆದು ಪರೀಕ್ಷಿಸಿದವನು. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ಸಹಜ ವೇಗವು ಅದರ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಮೀಟರ್ ಉದ್ದದ ದೋಣಿಗೆ ಈ ವೇಗ ಗಂಟೆಗೆ ಸುಮಾರು 4.5 ಕಿಲೋಮೀಟರ್; 65 ಸೆಂಟಿಮೀಟರಿನ ದೋಣಿಗೆ ಸುಮಾರು 3.6 ಕಿಲೋಮೀಟರ್. ಚಿಕ್ಕ ದೋಣಿಯವನು ಎಷ್ಟು ಜಾಣನಾದರೂ ಈ ಅಂತರವನ್ನು ತುಂಬಿಕೊಳ್ಳುವುದು ಕಷ್ಟ. ಆದ್ದರಿಂದ ದೋಣಿಗಳನ್ನು ವರ್ಗಗಳಾಗಿ ವಿಂಗಡಿಸಬೇಕಾಗುತ್ತದೆ. ವರ್ಗಕ್ಕೊಂದು ನಿಯಮಾವಳಿ ಬೇಕಾಗುತ್ತದೆ.

ಆದರೆ ನಿಯಮ ಬರೆದೊಡನೆ ನ್ಯಾಯ ಲಭಿಸಿತೆಂದು ತಿಳಿಯಬಾರದು. 'ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವ' ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಇದಕ್ಕೆ ಮಾದರಿ ಹಾಯಿದೋಣಿಗಳ ಚರಿತ್ರೆಯಲ್ಲಿ ಮೂರು ನಿದರ್ಶನಗಳಿವೆ.

ಮೊದಲನೆಯದು ಮಾರ್ಬಲ್‌ಹೆಡ್ ವರ್ಗ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಮಾರ್ಬಲ್‌ಹೆಡ್ ಊರಿನಲ್ಲಿ 1930ರ ದಶಕದಲ್ಲಿ ಇದು ರೂಢಿಗೆ ಬಂದಿತು. ಮೂಲ ಸೂತ್ರ ಬಹು ಸರಳ: ಒಡಲು 50 ಅಂಗುಲ ಉದ್ದ, ಹಾಯಿ 800 ಚದರ ಅಂಗುಲ ವಿಸ್ತಾರ. ಆಗ ರೇಡಿಯೋ ಇರಲಿಲ್ಲ; ದೋಣಿ ದಡ ಮುಟ್ಟಿದಾಗ ಕೋಲಿನಿಂದ ತಿರುಗಿಸುತ್ತಿದ್ದರು. ಮನೆಯಲ್ಲಿ ಮರ ಕೆತ್ತಿ ಯಾರು ಬೇಕಾದರೂ ಮಾಡಬಹುದಾದ ದೋಣಿ ಅದು. ಆದರೆ ತೂಕಕ್ಕೆ ಕಟ್ಟಿಲ್ಲದ ಕಾರಣ ಜಾಣರಾದ ವಿನ್ಯಾಸಕಾರರು ಒಡಲನ್ನು ಹಗುರಮಾಡುತ್ತ, ಅಡಿಯ ರೆಕ್ಕೆಯನ್ನು ಆಳಕ್ಕಿಳಿಸುತ್ತ ಹೋದರು. ಕಾರ್ಬನ್ ಫೈಬರ್ ಬಂದ ಮೇಲೆ ಈ ಓಟಕ್ಕೆ ಇನ್ನಷ್ಟು ವೇಗ ಬಂದಿತು. ದೋಣಿ ಅದ್ಭುತವಾಯಿತು, ಬೆಲೆಯೂ ಅದ್ಭುತವಾಯಿತು. ಬಲ್ಲವರಿಗೆ ಅದು ಇಂದಿಗೂ ಸೊಗಸಾದ ವರ್ಗವೇ. ಆದರೆ ಹೊಸಬನಿಗೆ ಅದರ ಬಾಗಿಲು ಎತ್ತರ.

ಎರಡನೆಯದು ಅಂತರರಾಷ್ಟ್ರೀಯ ಒಂದು ಮೀಟರ್ ವರ್ಗ. 1988ರಲ್ಲಿ ಹುಟ್ಟಿದ ಇದು ಹಿಂದಿನ ಅನುಭವದಿಂದ ಪಾಠ ಕಲಿತಿತ್ತು. ಉದ್ದ 1000 ಮಿಲಿಮೀಟರ್ ಮೀರಬಾರದು. ತೂಕ 4000 ಗ್ರಾಮಿಗಿಂತ ಕಡಿಮೆಯಿರಬಾರದು. ಆಳ 420 ಮಿಲಿಮೀಟರ್ ದಾಟಬಾರದು. ಒಡಲಿಗೆ ಕಾರ್ಬನ್ ಫೈಬರ್ ನಿಷಿದ್ಧ. ಹಾಯಿಯ ಕಂಬ ಅಲ್ಯೂಮಿನಿಯಂ ಅಥವಾ ಮರದ್ದಾಗಿರಬೇಕು. ಗೊತ್ತಾದ ಅಳತೆಯ ಮೂರೇ ಬಗೆಯ ಹಾಯಿಜೋಡಣೆಗಳು. ಇಲ್ಲಿ ಅತ್ಯಂತ ಅರ್ಥಪೂರ್ಣವಾದುದು ಕನಿಷ್ಠ ತೂಕದ ನಿಯಮ. ಹಗುರವಾದುದನ್ನು ಮಾಡುವುದೇ ದುಬಾರಿಯ ಕೆಲಸ. ಕನಿಷ್ಠ ತೂಕ ನಿಶ್ಚಯವಾದರೆ, ಹಣವಂತನು ಹಗುರವಾದ ಒಡಲನ್ನು ತಂದರೂ ಅದರಲ್ಲಿ ತೂಕ ತುಂಬಿಯೇ ಇಳಿಯಬೇಕು. ಮನೆಯಲ್ಲಿ ಮರದಿಂದ ಮಾಡಿದವನೂ ಅವನೂ ತಕ್ಕಡಿಯ ಮುಂದೆ ಸಮಾನರು.

ಮೂರನೆಯದು ಡ್ರಾಗನ್‌ಫೋರ್ಸ್ 65. ಬ್ರಿಟನ್ನಿನಲ್ಲಿ ರೂಪುಗೊಂಡು, ಚೀನಾದ ಜಾಯ್ಸ್‌ವೇ ಕಾರ್ಖಾನೆಯಲ್ಲಿ ತಯಾರಾಗುವ 65 ಸೆಂಟಿಮೀಟರಿನ ಹಾಯಿದೋಣಿ ಇದು. ಕಳೆದ ದಶಕದಲ್ಲಿ ಅನೇಕ ದೇಶಗಳಲ್ಲಿ ಹರಡಿತು. ಇಲ್ಲಿ ಒಡಲು, ಅಡಿಯ ರೆಕ್ಕೆ, ಭಾರದ ಗುಂಡು, ಚುಕ್ಕಾಣಿ ಎಲ್ಲವೂ ಕಾರ್ಖಾನೆ ಕೊಟ್ಟಂತೆಯೇ ಇರಬೇಕು. ನಿಯಮಾವಳಿಯ ತತ್ವ ಹೀಗಿದೆ: ಯಾವುದಕ್ಕೆ ಸ್ಪಷ್ಟ ಅನುಮತಿಯಿಲ್ಲವೋ ಅದು ನಿಷಿದ್ಧ. ಒಂದು ಮೀಟರ್ ವರ್ಗವೂ ಇದೇ ತತ್ವವನ್ನು ಒಪ್ಪಿದೆ. ಇದಕ್ಕೆ ಎದುರಾದುದು, ನಿಷೇಧಿಸದೆ ಇದ್ದುದೆಲ್ಲ ಸಮ್ಮತ ಎಂಬ ತತ್ವ. ನಾಗರಿಕರ ಬಾಳಿಗೆ ಎರಡನೆಯದೇ ಲೇಸು. ಅದು ಸ್ವಾತಂತ್ರ್ಯದ ಲಕ್ಷಣ. ಆದರೆ ಹೊಸಬರ ಪಂದ್ಯಕ್ಕೆ ಮೊದಲನೆಯದೇ ಲೇಸು. ಏಕೆಂದರೆ ಇಲ್ಲಿ ಪರೀಕ್ಷೆಯಾಗಬೇಕಾದುದು ಕೈಯ ಕೌಶಲವೇ ಹೊರತು ಕಿಸೆಯ ಬಲವಲ್ಲ.

ಇನ್ನು ಮೋಟಾರು ದೋಣಿಗಳ ವಿಷಯ. ಇಲ್ಲಿ ಹಣದ ಆಟ ಇನ್ನೂ ತೀವ್ರ. ವಿದ್ಯುತ್ ಮೋಟಾರಿನ ಸುತ್ತುಗಳು ಬ್ಯಾಟರಿಯ ವೋಲ್ಟೇಜನ್ನು ಅನುಸರಿಸುತ್ತವೆ. ವೋಲ್ಟಿಗೆ 2000 ಸುತ್ತಿನ ಮೋಟಾರು 7.4 ವೋಲ್ಟಿನಲ್ಲಿ, ಹೊರೆಯಿಲ್ಲದೆ, ನಿಮಿಷಕ್ಕೆ 14,800 ಸುತ್ತು ತಿರುಗಿದರೆ, 11.1 ವೋಲ್ಟಿನಲ್ಲಿ 22,200 ಸುತ್ತು ತಿರುಗುತ್ತದೆ. ಪ್ರೊಪೆಲರ್ ಬೇಡುವ ಶಕ್ತಿಯಾದರೋ ಸುತ್ತುಗಳ ಘನದಂತೆ ಏರುತ್ತದೆ. ಸುತ್ತು ಒಂದೂವರೆ ಪಟ್ಟಾದರೆ ಶಕ್ತಿ ಮೂರು ಪಟ್ಟಿಗೂ ಮಿಕ್ಕಿ ಬೇಕು. ಅಂದರೆ ಬ್ಯಾಟರಿಗೆ ಒಂದು ಕೋಶವನ್ನು ಸೇರಿಸಿದವನು ಪಂದ್ಯವನ್ನು ಅಂಗಡಿಯಲ್ಲೇ ಗೆದ್ದು ಬಂದಂತಾಯಿತು. ಆದುದರಿಂದ ಹೊಸಬರಿಗಾಗಿ ಮೋಟಾರು ದೋಣಿಯ ವರ್ಗವೊಂದನ್ನು ಕಟ್ಟುವುದಾದರೆ ಈ ಕೆಳಗಿನ ಅಂಶಗಳು ಇರಬೇಕೆಂದು ನನಗೆ ತೋರುತ್ತದೆ.

1. ಒಡಲು ಒಂದೇ ಮಾದರಿಯದಾಗಿರಲಿ. ಇಲ್ಲವೆ ಗರಿಷ್ಠ ಉದ್ದ ಮತ್ತು ಕನಿಷ್ಠ ತೂಕ ಎರಡೂ ನಿಶ್ಚಿತವಾಗಿರಲಿ. ಒಂದನ್ನು ಕಟ್ಟಿ ಇನ್ನೊಂದನ್ನು ಬಿಟ್ಟರೆ ಮಾರ್ಬಲ್‌ಹೆಡ್ಡಿನ ಕಥೆಯೇ ಮರುಕಳಿಸುತ್ತದೆ.

2. ಮೋಟಾರು 540 ಎಂಬ ಅಳತೆಯ, ಬ್ರಷ್ ಉಳ್ಳ, ಬಿಚ್ಚದ ಸಾಮಾನ್ಯ ಮೋಟಾರಾಗಿರಲಿ. ಇದು ಅಗ್ಗ, ಎಲ್ಲೆಡೆ ದೊರೆಯುತ್ತದೆ.

3. ಬ್ಯಾಟರಿ ಆರು ಕೋಶದ ನಿಕ್ಕಲ್ ಮೆಟಲ್ ಹೈಡ್ರೈಡ್, ಅಂದರೆ 7.2 ವೋಲ್ಟಿನದಾಗಿರಲಿ. ಲಿಥಿಯಂ ಬ್ಯಾಟರಿ ಹಗುರವೂ ಪ್ರಬಲವೂ ಹೌದು. ಆದರೆ ಪೆಟ್ಟಾದರೆ ಅಥವಾ ತಪ್ಪಾಗಿ ತುಂಬಿಸಿದರೆ ಬೆಂಕಿಯ ಭಯವಿದೆ. ಕಲಿಯುವವನ ಕೈಗೆ ಅದು ಮೊದಲ ವರ್ಷವೇ ಬೇಡ.

4. ಪ್ರೊಪೆಲರ್ ಎಲ್ಲರಿಗೂ ಒಂದೇ ಅಳತೆಯದಾಗಿರಲಿ. ಸಂಘವೇ ಅದನ್ನು ಹಂಚಲಿ.

5. ದೋಣಿ ಮಗುಚಿದರೂ ಮುಳುಗದಂತೆ ಒಳಗೆ ತೇಲುವ ವಸ್ತುವಿರಲಿ. ಸಂಕೇತ ತಪ್ಪಿದೊಡನೆ ಮೋಟಾರು ತಾನೇ ನಿಲ್ಲುವ ಏರ್ಪಾಡಿರಲಿ. ನಿಂತ ದೋಣಿಯನ್ನು ತರಲು ಯಾರೂ ನೀರಿಗಿಳಿಯದಿರಲಿ.

6. ಒಮ್ಮೆ ಗೊತ್ತುಮಾಡಿದ ನಿಯಮ ಎರಡು ವರ್ಷವಾದರೂ ಬದಲಾಗದಿರಲಿ. ಪ್ರತಿವರ್ಷ ನಿಯಮ ಬದಲಾದರೆ ಪ್ರತಿವರ್ಷ ಹೊಸ ಸಾಮಾನು ಕೊಳ್ಳಬೇಕು. ಬಡವನು ಎರಡನೆಯ ವರ್ಷ ಬರುವುದಿಲ್ಲ.

ಇವೆಲ್ಲಕ್ಕೂ ಒಂದು ಒರೆಗಲ್ಲಿದೆ. ಕೆರೆಯ ದಡದಲ್ಲಿ ಒಂದು ಅಳತೆಪಟ್ಟಿ, ಒಂದು ತಕ್ಕಡಿ, ಒಂದು ವೋಲ್ಟ್‌ಮೀಟರಿನಿಂದ ಪರೀಕ್ಷಿಸಲಾಗದ ನಿಯಮವನ್ನು ಬರೆಯಲೇಬಾರದು. ಮೋಟಾರಿನ ಒಳಗಿನ ಸುರುಳಿಯನ್ನು ಯಾರು ಬಿಚ್ಚಿ ನೋಡುವರು? ಪರೀಕ್ಷಿಸಲಾಗದ ನಿಯಮವು ಪ್ರಾಮಾಣಿಕನನ್ನು ಮಾತ್ರ ಕಟ್ಟುತ್ತದೆ, ವಂಚಕನನ್ನು ಬಿಡುತ್ತದೆ. ಇಂಥ ಗುಪ್ತ ಖರ್ಚಿಗೆ ಅಮೆರಿಕದ ಕುದುರೆ ಜೂಜಿನಲ್ಲೂ ಸ್ಥಳೀಯ ಕಾರು ಪಂದ್ಯಗಳಲ್ಲೂ ಬಳಕೆಯಲ್ಲಿರುವ ಒಂದು ಉಪಾಯವಿದೆ. ಓಡಿದ ಕುದುರೆಯನ್ನಾಗಲಿ ಯಂತ್ರವನ್ನಾಗಲಿ ಮೊದಲೇ ಗೊತ್ತಾದ ಬೆಲೆಗೆ ಮತ್ತೊಬ್ಬನು ಕೇಳಿ ಕೊಳ್ಳಬಹುದು, ಒಡೆಯನು ಇಲ್ಲವೆನ್ನುವಂತಿಲ್ಲ. ಗೆದ್ದ ಮೋಟಾರನ್ನು ಅಂಗಡಿಯ ಬೆಲೆಗೆ ಕೊಡಲೇಬೇಕೆಂದಾದರೆ, ಅದರ ಮೇಲೆ ಹತ್ತುಪಟ್ಟು ಖರ್ಚುಮಾಡುವ ಮೂಢ ಯಾರು? ಇಲ್ಲಿ ಕಾವಲುಗಾರನೇ ಬೇಕಿಲ್ಲ, ನಿಯಮವೇ ಕಾವಲು.

ದೋಣಿಗಳು ಸಮಾನವಾದ ಮಾತ್ರಕ್ಕೆ ಆಟಗಾರರು ಸಮಾನರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಹೊಸಬನು ಸದಾ ಕೊನೆಯವನಾಗಿ ಬೇಸತ್ತು ಹೋಗಬಾರದು. ಹಾಯಿದೋಣಿಯ ದೊಡ್ಡ ಪಂದ್ಯಗಳಲ್ಲಿ ಆಟಗಾರರನ್ನು ಗುಂಪುಗಳಾಗಿ ಮಾಡಿ, ಕೆಳಗಿನ ಗುಂಪಿನಲ್ಲಿ ಮುಂದೆ ಬಂದ ಕೆಲವರನ್ನು ಮೇಲಿನ ಗುಂಪಿಗೆ ಏರಿಸುವ, ಹಿಂದುಳಿದವರನ್ನು ಇಳಿಸುವ ಪದ್ಧತಿಯಿದೆ. ಮೂವತ್ತನೆಯವನು ಇಪ್ಪತ್ತೊಂಬತ್ತನೆಯವನೊಡನೆ ಹೋರಾಡುವಾಗ ಅವನಿಗೂ ಅದು ನಿಜವಾದ ಪಂದ್ಯವೇ. ಅಲ್ಲದೆ ಇನ್ನೊಂದು ದೋಣಿಗೆ ತಗುಲಿದ ತಪ್ಪಿಗೆ ಅಲ್ಲಿ ಹೊರದೂಡುವುದಿಲ್ಲ. ದೋಣಿಯನ್ನು ಒಂದು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಶಿಕ್ಷೆ ತೀರಿತು. ತಪ್ಪಿದವನು ತಾನೇ ಒಪ್ಪಿ, ತಾನೇ ತೀರಿಸಿ, ಮತ್ತೆ ಆಟಕ್ಕೆ ಸೇರುತ್ತಾನೆ.

ಕೊನೆಯದಾಗಿ, ನಿಯಮಗಳನ್ನು ಬರೆಯುವವರು ಯಾರು? ಸಾಮಾನ್ಯವಾಗಿ ಹಳಬರು, ಗೆದ್ದವರು. ತಮ್ಮಲ್ಲಿರುವ ದೋಣಿಗೆ ಒಪ್ಪುವಂತೆ ಬರೆಯುವ ಆಸೆ ಅವರಿಗೆ ಸಹಜ. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ 'ಎ ಥಿಯರಿ ಆಫ್ ಜಸ್ಟಿಸ್' ಗ್ರಂಥದಲ್ಲಿ ಇದಕ್ಕೊಂದು ದಾರಿ ಸೂಚಿತವಾಗಿದೆ: ಸಮಾಜದಲ್ಲಿ ತನ್ನ ಸ್ಥಾನ ಯಾವುದೆಂದು ಅರಿಯದ ಮುಸುಕಿನ ಮರೆಯಲ್ಲಿ ನಿಂತು ನಿಯಮವನ್ನು ಆರಿಸಬೇಕು. ದೋಣಿಯ ಸಂಘಕ್ಕೆ ಇದನ್ನು ಹೀಗೆ ಹೇಳಬಹುದು: ನಾಳೆ ನನ್ನ ಪಾಲಿಗೆ ಬರುವ ದೋಣಿ ಯಾವುದು, ಕಿಸೆಯಲ್ಲಿ ಇರುವ ಹಣ ಎಷ್ಟು, ಕೈಗೆ ಇರುವ ಅಭ್ಯಾಸ ಎಷ್ಟು ಎಂದು ತಿಳಿಯದವನಂತೆ ಕುಳಿತು ನಿಯಮ ಬರೆ.

ಇಷ್ಟೊಂದು ಕಟ್ಟುಪಾಡಿನಿಂದ ಹೊಸ ಶೋಧನೆಗೆ ಎಡೆಯಿಲ್ಲದಂತಾಗುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ಆ ಮಾತಿನಲ್ಲಿ ಸತ್ಯವಿದೆ. ಶೋಧಕರಿಗೆ ಮುಕ್ತ ವರ್ಗವೊಂದು ಬೇರೆಯೇ ಇರಲಿ. ಆದರೆ ಅಲ್ಲಿಗೆ ಹೋಗುವ ದಾರಿ ಮೊದಲ ಮೆಟ್ಟಿಲಿನಿಂದಲೇ ಆರಂಭವಾಗುತ್ತದೆ. ಆ ಮೆಟ್ಟಿಲು ಎಷ್ಟು ತಗ್ಗಾಗಿದೆಯೋ ಅಷ್ಟು ಜನ ಹತ್ತುತ್ತಾರೆ.

ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಹೊಸ್ತಿಲು ತುಳಿದ ನಮ್ಮಂಥ ಅನೇಕರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಟ್ಟಿಲನ್ನು ತಗ್ಗಿಸಿದವರು ಗೆಲುವನ್ನು ಯಾರಿಗೂ ದಾನಮಾಡಲಿಲ್ಲ; ಸ್ಪರ್ಧಿಸುವ ಅವಕಾಶವನ್ನು ಮಾತ್ರ ಕೊಟ್ಟರು. ನ್ಯಾಯವಾದ ನಿಯಮದಿಂದ ಯಾರೂ ಕೇಳಬೇಕಾದುದು ಅಷ್ಟೇ. ಅದಕ್ಕಿಂತ ಕಡಿಮೆಯನ್ನು ಒಪ್ಪಬಾರದು.