ವಚನಗಳ ಪ್ರಾಣಿದೃಷ್ಟಾಂತಗಳೂ ಮಕ್ಕಳ ಬರವಣಿಗೆಯೂ

ಮಕ್ಕಳನ್ನು ಗದರಿಸುವಾಗ ಹಿರಿಯರ ಬಾಯಿಗೆ ಮೊದಲು ಬರುವುದು ಪ್ರಾಣಿಗಳ ಹೆಸರು. ಲೆಕ್ಕ ತಪ್ಪಿದವನು ಕತ್ತೆ, ನಿಧಾನಿಯು ಎಮ್ಮೆ, ಚಪಲನು ಕೋತಿ. ದಿನವೂ ಕೇಳಿದ ಹೆಸರನ್ನು ಮಗುವು ಕಡೆಗೆ ತನ್ನ ಸ್ವರೂಪವೆಂದೇ ನಂಬಿಬಿಡುವುದುಂಟು. 'ನಾನಾರು?' ಎಂಬ ಪ್ರಶ್ನೆಗೆ ಉತ್ತರವನ್ನು ಅನ್ಯರೇ ಬರೆದು ಕೈಗಿತ್ತಂತಾಗುವುದು. ಹನ್ನೆರಡನೆಯ ಶತಮಾನದ ಶರಣರೂ ಪ್ರಾಣಿಗಳನ್ನು ಹೇರಳವಾಗಿ ಹೆಸರಿಸಿರುವರು. ಆದರೆ ಅವರ ಮಾರ್ಗವೇ ಬೇರೆ.

ಬಸವಣ್ಣನವರು ಮರದ ಮೇಲೆ ನೆಗೆದಾಡುವ ಮಂಗನಿಗೆ ಹೋಲಿಸಿದುದು ತಮ್ಮ ಮನಸ್ಸನ್ನೇ ಹೊರತು ನೆರೆಯವನ ಮನಸ್ಸನ್ನಲ್ಲ. ಬೆರಳು ತಮ್ಮ ಕಡೆಗೇ ತಿರುಗಿದೆ. ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಮನಸ್ಸು ನೆಗೆಯುತ್ತಿದೆಯೆಂದು ಕಂಡುಕೊಂಡವನು ಆ ನೆಗೆತದಿಂದ ಒಂದು ಹೆಜ್ಜೆ ದೂರ ನಿಂತಿರುವನು. ಆದುದರಿಂದ ಈ ಹೋಲಿಕೆಯು ನಿಂದೆಯಲ್ಲ, ಅರಿವಿನ ಆರಂಭ.

ಅಕ್ಕಮಹಾದೇವಿಯು ಆರಿಸಿಕೊಂಡ ರೇಷ್ಮೆಹುಳುವನ್ನು ಮದ್ದೂರು, ಮಳವಳ್ಳಿ ಸೀಮೆಯ ಮಕ್ಕಳಿಗೆ ಪರಿಚಯಿಸಬೇಕಾಗಿಲ್ಲ. ಹಿಪ್ಪುನೇರಳೆ ಸೊಪ್ಪನ್ನು ಮೇದು, ನಾಲ್ಕು ಸಲ ಜ್ವರಕ್ಕೆ ಕುಳಿತೆದ್ದು, ಹಣ್ಣಾದ ಹುಳುವು ಚಂದ್ರಂಕಿಯನ್ನೇರಿ ಗೂಡು ಕಟ್ಟುವುದನ್ನು ಅನೇಕರು ಮನೆಯಲ್ಲಿಯೇ ಕಂಡಿರುವರು. ಆ ಗೂಡನ್ನು ಕುದಿನೀರಿಗೆ ಹಾಕಿ ನೂಲು ತೆಗೆಯುವುದನ್ನೂ ಬಲ್ಲರು. ಒಲವಿನಿಂದ ಕಟ್ಟಿದ ಮನೆಯೇ ಬಂಧನವಾಗುವ ಪರಿಯನ್ನು ಅಕ್ಕನು ಈ ಹುಳುವಿನಲ್ಲಿ ಕಂಡಳು. 'ನನ್ನನ್ನು ಸುತ್ತಿಕೊಂಡಿರುವ ನೂಲು ಯಾವುದು?' ಎಂದು ಕೇಳಿದರೆ ವಿದ್ಯಾರ್ಥಿಗೆ ಬರೆಯಲು ವಿಷಯವು ತಾನಾಗಿ ದೊರೆಯುವುದು.

ದೋಷವನ್ನು ಹುಡುಕುವುದಕ್ಕಷ್ಟೇ ದೃಷ್ಟಾಂತಗಳಿಲ್ಲ. ಹಿಂಡಿನಿಂದ ಬೇರ್ಪಟ್ಟು ಸೆರೆಸಿಕ್ಕಿದ ಆನೆಗೆ ತನ್ನ ಕಾಡಿನ ನೆನಪಾಗುವುದನ್ನು ಅಕ್ಕನೇ ತನ್ನ ಹಂಬಲಕ್ಕೆ ಹೋಲಿಸಿರುವಳು. ಮನೆಯನ್ನು ಬಿಟ್ಟು ವಿದ್ಯಾರ್ಥಿನಿಲಯದಲ್ಲಿರುವ ಬಾಲಕನಿಗೆ ಈ ಆನೆಯು ಬೇಗ ಅರ್ಥವಾದೀತು. ಹೇಳಲು ನಾಚುವ ದುಃಖವನ್ನು ಅವನು ಆನೆಯ ಮೂಲಕ ಹೇಳಬಲ್ಲನು.

ಭಾರತೀನಗರದಂತಹ ಊರಿನಲ್ಲಿ ಈ ಪಾಠಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಕೊಟ್ಟಿಗೆಯ ಎತ್ತು, ಹಿತ್ತಲ ಕೋಳಿ, ಮಳವಳ್ಳಿ ತಾಲ್ಲೂಕಿನ ಹೆಸರಾಂತ ಬಂಡೂರು ಕುರಿ, ಎಲ್ಲವೂ ಕಣ್ಣೆದುರಿನವು. ಮೊದಲು ವಿದ್ಯಾರ್ಥಿಯು ಒಂದು ಪ್ರಾಣಿಯನ್ನು ಕೆಲವು ದಿನ ಗಮನವಿಟ್ಟು ನೋಡಲಿ. ಕಂಡುದನ್ನು ಮಾತ್ರ ಬರೆಯಲಿ. ಬಳಿಕ ಅದರ ಯಾವ ನಡೆಯು ತನ್ನಲ್ಲಿಯೂ ಉಂಟೆಂಬುದನ್ನು ಬರೆಯಲಿ. ಕಡೆಗೆ ಯಾವುದರಲ್ಲಿ ತಾನು ಅದಲ್ಲವೆಂಬುದನ್ನೂ ಬರೆಯಲಿ. ಈ ಮೂರನೆಯದು ಬಹುಮುಖ್ಯ. ಅದಿಲ್ಲದಿದ್ದರೆ ಹೋಲಿಕೆಯು ಹಣೆಪಟ್ಟಿಯಾಗಿ ಉಳಿದುಬಿಡುವುದು. ಸಹಪಾಠಿಯನ್ನು ಪ್ರಾಣಿಗೆ ಹೋಲಿಸಿ ಬರೆಯಲು ಮಾತ್ರ ಎಡೆಗೊಡಬಾರದು.

ಪ್ರಾಣಿಯ ಅರ್ಥವೂ ನೋಡುವವರನ್ನು ಅವಲಂಬಿಸಿದೆ. ಕಪಟಿಯ ಧ್ಯಾನವನ್ನು ಲೋಕವು ಬಕಧ್ಯಾನವೆಂದು ಜರೆಯುವುದು. ಆದರೆ ಅದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಣ ಮರಗಳಲ್ಲಿಯೇ ಗೂಡು ಕಟ್ಟುವುವು. ಊರವರು ಅವುಗಳನ್ನು ಶುಭವೆಂದು ಬಗೆದು ಕಾಪಾಡಿಕೊಂಡು ಬಂದಿರುವರು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಒಂದೆಡೆ ಕಪಟಿಯೆನಿಸಿದ ಹಕ್ಕಿಯು ಇನ್ನೊಂದೆಡೆ ಮನೆಯ ಅತಿಥಿ! ಹೀಗಿರುವಾಗ ಒಂದು ಮಗುವಿಗೆ ಯಾರೋ ಇಟ್ಟ ಹೆಸರು ಶಾಶ್ವತವಾಗುವುದೆಂತು?

ಸದ್ಗೃಹಸ್ಥರು ಮನೆಯಲ್ಲಿ ಮಾಡಬೇಕಾದುದು ಇಷ್ಟೆ: ಮಗುವನ್ನು ಪ್ರಾಣಿಯ ಹೆಸರಿನಿಂದ ಹಳಿಯುವುದನ್ನು ಬಿಡಬೇಕು, ತನ್ನ ಮನಸ್ಸು ಇಂದು ಯಾವ ಪ್ರಾಣಿಯಂತಿತ್ತೆಂದು ಅದು ತಾನೇ ಹೇಳಿದಾಗ ನಗದೆ ಕೇಳಬೇಕು. ಹಿರಿಯರು ತಮ್ಮ ಮನಸ್ಸಿನ ಮಂಗನನ್ನು ಮೊದಲು ಒಪ್ಪಿಕೊಂಡರೆ ಮಕ್ಕಳ ಬರವಣಿಗೆಯಲ್ಲಿ ಸತ್ಯವು ತಾನಾಗಿ ಮೂಡುವುದು.