ಹಳೆಯ ಚನ್ನಪಟ್ಟಣದ ಗೊಂಬೆ: ಗುರುತಿಸುವಿಕೆ, ದುರಸ್ತಿ ಮತ್ತು ಮರುಮಾರಾಟ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಅನೇಕ ಮನೆಗಳ ಅಟ್ಟದಲ್ಲಿ, ಗೊಂಬೆ ಹಬ್ಬದ ಪೆಟ್ಟಿಗೆಯಲ್ಲಿ, ಅಂಗನವಾಡಿಯ ಬೀರುವಿನಲ್ಲಿ ಬಣ್ಣ ಮಾಸಿದ ಮರದ ಸಾಮಾನುಗಳು ಉಳಿದಿರುತ್ತವೆ. ಗಿಲಕಿ, ಬುಗುರಿ, ಕುಂಕುಮದ ಭರಣಿ, ಗಾಲಿಯ ಕುದುರೆ ಮುಂತಾದ ಈ ವಸ್ತುಗಳು ಸಾಮಾನ್ಯವಾಗಿ ಎರಡು ದಾರಿಯಲ್ಲಿ ಹಾಳಾಗುತ್ತವೆ. ಗುಜರಿಗೆ ಹೋಗುವುದು ಒಂದು. ಹೊಸದಾಗಿ ಕಾಣಲೆಂದು ಅಂಗಡಿಯ ಎನಾಮೆಲ್ ಬಣ್ಣ ಬಳಿಯುವುದು ಇನ್ನೊಂದು. ಎರಡನೆಯದರಿಂದ ಆಗುವ ನಷ್ಟ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ವಸ್ತು ಉಳಿದರೂ ಅದರ ಗುರುತು ಮತ್ತು ಬೆಲೆ ಹೋಗಿರುತ್ತವೆ; ಕುಶಲಕರ್ಮಿಗೆ ಸಿಗಬೇಕಾಗಿದ್ದ ಕೆಲಸವೂ ತಪ್ಪಿರುತ್ತದೆ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಗೊಂಡ ನಂತರ ದೂರದ ವಾಹನಗಳು ರಾಮನಗರ ಮತ್ತು ಚನ್ನಪಟ್ಟಣ ಪಟ್ಟಣಗಳನ್ನು ಬಳಸಿ ಸಾಗುತ್ತವೆ. ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳಿಗೆ ಇದರಿಂದ ಪೆಟ್ಟು ಬಿದ್ದಿದೆ. ಹೊಸ ಗೊಂಬೆಯ ಮಾರಾಟವನ್ನೇ ನಂಬಿದ ಕುಟುಂಬಗಳಿಗೆ ಹಳೆಯದರ ದುರಸ್ತಿ ಒಂದು ಪೂರಕ ಆದಾಯವಾಗಬಲ್ಲದು. ಕುಶಲಕರ್ಮಿಗಳು ಹೆಚ್ಚಾಗಿ ಚನ್ನಪಟ್ಟಣದ ಸುತ್ತಮುತ್ತ ಇದ್ದಾರೆ; ಹಳೆಯ ವಸ್ತುಗಳು ನಾಲ್ಕೂ ತಾಲ್ಲೂಕುಗಳ ಮನೆಗಳಲ್ಲಿವೆ. ಇವೆರಡನ್ನೂ ಜೋಡಿಸುವ ಕೆಲಸ ಗ್ರಾಮ ಪಂಚಾಯಿತಿಗೆ ಅಸಾಧ್ಯವಾದುದಲ್ಲ.

1. ವಸ್ತುವಿನ ಹಿನ್ನೆಲೆ

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಇಲ್ಲಿಗೆ ಬಂದಿತೆಂಬ ನಂಬಿಕೆ ಪ್ರಚಲಿತವಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ಗೊಂಬೆ ತಯಾರಿಕೆಯ ವಿಧಾನಗಳನ್ನು ಸ್ಥಳೀಯರಿಗೆ ಪರಿಚಯಿಸಿದರೆಂದು ಹೇಳಲಾಗುತ್ತದೆ. 2005–06ನೆಯ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ ಭೌಗೋಳಿಕ ಸೂಚಕ ನೋಂದಣಿ ದೊರೆಯಿತು.

ಸಾಂಪ್ರದಾಯಿಕವಾಗಿ ಬಳಸುವುದು ಆಲೆ ಮರ. ಇದು ಬಿಳುಪಾದ, ಹಗುರವಾದ, ನುಣುಪಾಗಿ ಕಡೆಯಲು ಬರುವ ಮರ. ಮರವನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ಆಕಾರ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಯಲ್ಲಿ ತಾಳೆಗರಿಯನ್ನು ಒತ್ತಿ ಹಿಡಿದಾಗ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಶಾಖಕ್ಕೆ ಕರಗಿ ಮತ್ತೆ ಗಟ್ಟಿಯಾಗುವ ಅರಗಿನ ಈ ಗುಣವೇ ಗುರುತಿಸುವಿಕೆಗೂ ದುರಸ್ತಿಗೂ ಆಧಾರ.

2. ಗುರುತಿಸುವಿಕೆ: ಮೂರು ಪ್ರಶ್ನೆಗಳು

ಮೊದಲನೆಯ ಪ್ರಶ್ನೆ: ಇದು ಅರಗಿನ ಬಣ್ಣವೇ? ಅರಗಿನ ಲೇಪದಲ್ಲಿ ಕುಂಚದ ಗೆರೆ, ಬಣ್ಣ ಸೋರಿದ ಕಲೆ ಇರುವುದಿಲ್ಲ. ಲೇತಿನ ಮೇಲೆ ಮೂಡಿದ ಸೂಕ್ಷ್ಮ ವೃತ್ತಗಳು ಮೈಯಲ್ಲಿ ಅಥವಾ ತಳದಲ್ಲಿ ಕಾಣುತ್ತವೆ. ಒಡೆದ ಕಡೆ ಅರಗು ಗಾಜಿನಂತೆ ಸಣ್ಣ ಚೂರುಗಳಾಗಿ ಉದುರುತ್ತದೆ. ಎನಾಮೆಲ್ ಬಣ್ಣ ಪೊರೆಯಂತೆ ಏಳುತ್ತದೆ. ಸಂದೇಹವಿದ್ದರೆ ಸ್ಪಿರಿಟ್ ಸೋಕಿಸಿದ ಹತ್ತಿಯನ್ನು ತಳದ ಮರೆಯ ಜಾಗದಲ್ಲಿ ಮಾತ್ರ ಒತ್ತಿ ನೋಡಬಹುದು. ಅರಗು ಸ್ಪಿರಿಟ್‌ನಲ್ಲಿ ಮೆತ್ತಗಾಗಿ ಅಂಟುತ್ತದೆ. ಆದರೆ ಪೀಠೋಪಕರಣಕ್ಕೆ ಹಚ್ಚುವ ಫ್ರೆಂಚ್ ಪಾಲಿಶ್ ಕೂಡ ಅರಗಿನಿಂದಲೇ ಆಗುವುದರಿಂದ ಈ ಪರೀಕ್ಷೆಯೊಂದನ್ನೇ ನೆಚ್ಚಬಾರದು.

ಎರಡನೆಯ ಪ್ರಶ್ನೆ: ಇದು ಚನ್ನಪಟ್ಟಣದ್ದೇ? ಅರಗು ಮತ್ತು ಆಲೆ ಮರ ಎಂಬ ಎರಡೇ ಲಕ್ಷಣಗಳಿಂದ ಇದನ್ನು ತೀರ್ಮಾನಿಸಲಾಗದು. ಆಂಧ್ರಪ್ರದೇಶದ ಏಟಿಕೊಪ್ಪಾಕದಲ್ಲಿಯೂ ಇದೇ ಜಾತಿಯ ಮರವನ್ನು ಲೇತಿನಲ್ಲಿ ಕಡೆದು ಅರಗಿನ ಬಣ್ಣ ಹಾಕುತ್ತಾರೆ. ಆ ಗೊಂಬೆಗಳಿಗೆ ಪ್ರತ್ಯೇಕ ಭೌಗೋಳಿಕ ಸೂಚಕವಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳ ಮತ್ತು ಆಂಧ್ರದ ಕೊಂಡಪಲ್ಲಿಯ ಗೊಂಬೆಗಳು ಕೆತ್ತಿ ಬಣ್ಣ ಬರೆದವು. ದಸರೆಯ ಪಟ್ಟದ ಗೊಂಬೆಗಳೂ ಕೆತ್ತಿದವೇ ಹೊರತು ಕಡೆದವಲ್ಲ. ಆದ್ದರಿಂದ ವಸ್ತು ಯಾರ ಮನೆಗೆ, ಎಲ್ಲಿಂದ, ಯಾವ ಸಂದರ್ಭದಲ್ಲಿ ಬಂದಿತೆಂಬ ಮನೆಯವರ ಹೇಳಿಕೆಯನ್ನು ಬರೆದಿಡುವುದು ಅಗತ್ಯ. ಹಳೆಯ ರಸೀದಿ, ಪೆಟ್ಟಿಗೆ ಅಥವಾ ಚೀಟಿ ಇದ್ದರೆ ಅದನ್ನು ವಸ್ತುವಿನೊಂದಿಗೇ ಇಡತಕ್ಕದ್ದು. ಹಿರಿಯ ಕುಶಲಕರ್ಮಿಯೊಬ್ಬರು ಆಕಾರವನ್ನೂ ಉಳಿಯ ಕೆಲಸವನ್ನೂ ನೋಡಿ ಹೇಳುವ ಮಾತಿಗೆ ಹೆಚ್ಚಿನ ತೂಕವಿದೆ.

ಮೂರನೆಯ ಪ್ರಶ್ನೆ: ಎಷ್ಟು ಹಳೆಯದು? ಬಣ್ಣ ಮಾಸಿದ ಮಾತ್ರಕ್ಕೆ ವಸ್ತು ಹಳೆಯದಾಗುವುದಿಲ್ಲ. ಅರಿಶಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ. ಕಿಟಕಿಯ ಬಳಿ ಇಟ್ಟ ಹೊಸ ಗೊಂಬೆಯೂ ಹಳೆಯದರಂತೆ ಕಾಣಬಹುದು. ತಳದ ಮರೆಯ ಬಣ್ಣವನ್ನು ಮೈಬಣ್ಣದೊಂದಿಗೆ ಹೋಲಿಸಿದರೆ ಮಾಸಿದ ಪ್ರಮಾಣ ತಿಳಿಯುತ್ತದೆಯೇ ಹೊರತು ವಯಸ್ಸಲ್ಲ. ಆಧಾರವಿಲ್ಲದೆ ವಯಸ್ಸು ಹೇಳಿ ಮಾರುವುದು ಸಲ್ಲದು.

3. ದುರಸ್ತಿಯ ಕ್ರಮ

(ಅ) ಒಣ ಮೆತ್ತನೆಯ ಬಟ್ಟೆಯಿಂದ ಧೂಳು ತೆಗೆಯಬೇಕು. ನೀರಿನಲ್ಲಿ ನೆನೆಸಿದರೆ ಮರ ಉಬ್ಬಿ ಲೇಪ ಬಿರಿಯುತ್ತದೆ. ಥಿನ್ನರ್ ಅಥವಾ ಸ್ಪಿರಿಟ್‌ನಿಂದ ಒರೆಸಿದರೆ ಬಣ್ಣವೇ ಎದ್ದುಬರುತ್ತದೆ. ಬಿಸಿಲಿನಲ್ಲಿ ಒಣಗಿಸಬಾರದು.

(ಆ) ಮರದಲ್ಲಿ ಹುಳುಕು, ಬಿರುಕು, ಸಡಿಲವಾದ ಕೀಲು ಇವೆಯೇ ಎಂದು ನೋಡಬೇಕು. ಹುಳುಕು ಹಿಡಿದ ವಸ್ತುವನ್ನು ಉಳಿದವುಗಳಿಂದ ಬೇರೆ ಇಡಬೇಕು.

(ಇ) ಲೇಪ ಒಡೆದ ಭಾಗಕ್ಕೆ ಅರಗನ್ನೇ ಹಾಕಬೇಕು. ದುಂಡನೆಯ ಭಾಗಗಳನ್ನು ಬಿಚ್ಚಿ ಲೇತಿಗೆ ಸಿಕ್ಕಿಸಿದರೆ ಹೊಸ ಅರಗು ಹಳೆಯದರೊಂದಿಗೆ ಕರಗಿ ಒಂದಾಗುತ್ತದೆ. ಎನಾಮೆಲ್ ಬಣ್ಣಕ್ಕೆ ಈ ಗುಣವಿಲ್ಲ.

(ಈ) ಹಾಳಾದಷ್ಟನ್ನೇ ಸರಿಪಡಿಸಬೇಕು. ಇಡೀ ಲೇಪವನ್ನು ಕೆರೆದು ಹೊಸದಾಗಿ ಹಾಕಿದರೆ ಹಳೆಯದೆನ್ನುವುದಕ್ಕೆ ಉಳಿದಿದ್ದ ಸಾಕ್ಷಿಯೂ ಹೋಗುತ್ತದೆ. ಅಪರೂಪದ ವಸ್ತುವಾದರೆ ಧೂಳು ತೆಗೆದು ಹಾಗೆಯೇ ಬಿಡುವುದೇ ಲೇಸು.

(ಉ) ದುರಸ್ತಿಗೆ ಮುನ್ನ ಮತ್ತು ನಂತರ ಛಾಯಾಚಿತ್ರ ತೆಗೆದಿಡಬೇಕು.

ದುರಸ್ತಿ ಲಾಭಕರವೇ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಒಂದು ಕುದುರೆ ಗೊಂಬೆಗೆ ಮನೆಯವರಿಗೆ 150 ರೂಪಾಯಿ, ಕುಶಲಕರ್ಮಿಯ ಕೂಲಿ 200 ರೂಪಾಯಿ, ಸಾಗಣೆ ಮತ್ತು ಪೆಟ್ಟಿಗೆಗೆ 50 ರೂಪಾಯಿ ಎಂದು ಭಾವಿಸಿದರೆ, 400 ರೂಪಾಯಿಗಿಂತ ಕಡಿಮೆಗೆ ಮಾರಿದಾಗ ಯಾರದೋ ಪಾಲು ಕಡಿತವಾಗುತ್ತದೆ. ಸಾಮಾನ್ಯವಾಗಿ ಕಡಿತವಾಗುವುದು ಕೂಲಿಯೇ. ಕೂಲಿಯನ್ನು ಮೊದಲೇ ನಿಗದಿಪಡಿಸುವುದು ಆದ್ದರಿಂದ ಅವಶ್ಯ.

4. ಮರುಮಾರಾಟ ಮತ್ತು ಕಾನೂನು

ಭೌಗೋಳಿಕ ಸೂಚಕಗಳ ಅಧಿನಿಯಮ, 1999ರ ಪ್ರಕಾರ ಚನ್ನಪಟ್ಟಣದ ಹೆಸರಿನಲ್ಲಿ ಹೊಸ ಗೊಂಬೆ ತಯಾರಿಸಿ ಮಾರುವ ಹಕ್ಕು ನೋಂದಾಯಿತ ಅಧಿಕೃತ ಬಳಕೆದಾರರದು. ನ್ಯಾಯವಾಗಿ ಕೊಂಡ ವಸ್ತುವನ್ನು ಇತರರು ಮತ್ತೆ ಮಾರುವುದು ಉಲ್ಲಂಘನೆಯಲ್ಲ ಎಂದು 22ನೆಯ ಪ್ರಕರಣದ 4ನೆಯ ಉಪಪ್ರಕರಣ ಹೇಳುತ್ತದೆ. ಆದರೆ ಮಾರುಕಟ್ಟೆಗೆ ಬಂದ ಮೇಲೆ ವಸ್ತುವಿನ ಸ್ಥಿತಿ ಕೆಟ್ಟಿದ್ದರೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಎನಾಮೆಲ್ ಬಳಿದ ಗೊಂಬೆಯನ್ನು ಚನ್ನಪಟ್ಟಣದ ಹೆಸರಿನಲ್ಲಿ ಮಾರುವುದರ ಅಪಾಯ ಇಲ್ಲಿದೆ. ಸುಳ್ಳು ಸೂಚಕ ಬಳಸಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅಧಿನಿಯಮದಲ್ಲಿ ಅವಕಾಶವಿದೆ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ, 2020 ಅನ್ನು ತಿಳಿದಿರಬೇಕು. 2021ರ ಜನವರಿ 1ರಿಂದ ಜಾರಿಯಲ್ಲಿರುವ ಈ ಆದೇಶದಂತೆ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ವಸ್ತುಗಳಿಗೆ ಹಾಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರ ಉತ್ಪನ್ನಗಳಿಗೆ ವಿನಾಯಿತಿ ಇದೆ. ಹಿಂದೆ ಯಾರೋ ಬಳಿದ ಎನಾಮೆಲ್ ಬಣ್ಣದಲ್ಲಿ ಸೀಸವಿರಬಹುದು. ಸಡಿಲವಾದ ಸಣ್ಣ ಭಾಗಗಳನ್ನು ಕೂಸುಗಳು ನುಂಗಬಹುದು. ಆದ್ದರಿಂದ ಹಳೆಯ ವಸ್ತುಗಳನ್ನು ಅಲಂಕಾರಕ್ಕೆ ಅಥವಾ ಸಂಗ್ರಹಕ್ಕೆ ಎಂದು ನಮೂದಿಸಿಯೇ ಮಾರುವುದು ಸೂಕ್ತ. ಬಣ್ಣದ ಮೂಲ ತಿಳಿಯದ ಆಟಿಕೆಗಳನ್ನು ಅಂಗನವಾಡಿಯಲ್ಲಿ ಮಕ್ಕಳ ಕೈಗೆ ಕೊಡಬಾರದು.

ನೂರು ವರ್ಷಕ್ಕಿಂತ ಹಳೆಯದಾದ ಕಲಾ ಮತ್ತು ಕರಕುಶಲ ವಸ್ತು ಪುರಾವಸ್ತುಗಳ ಅಧಿನಿಯಮ, 1972ರ ವ್ಯಾಪ್ತಿಗೆ ಬರುತ್ತದೆ. ಅಂಥದ್ದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ.

5. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಸಂವಿಧಾನದ 11ನೆಯ ಅನುಸೂಚಿಯ 29 ವಿಷಯಗಳಲ್ಲಿ ಖಾದಿ, ಗ್ರಾಮ ಮತ್ತು ಗುಡಿ ಕೈಗಾರಿಕೆಯೂ ಒಂದು. ಇದರ ಅಡಿಯಲ್ಲಿ ಸದಸ್ಯರು ಕೆಳಕಂಡ ಕ್ರಮಗಳನ್ನು ಪರಿಶೀಲಿಸಬಹುದು.

• ಸ್ವಸಹಾಯ ಸಂಘಗಳ ಮೂಲಕ ಹಳೆಯ ವಸ್ತುಗಳ ಪಟ್ಟಿ ಸಿದ್ಧಪಡಿಸುವುದು. ಮಾಲೀಕರ ಒಪ್ಪಿಗೆಯಿಲ್ಲದೆ ಪಟ್ಟಿಯನ್ನು ವ್ಯಾಪಾರಿಗಳಿಗೆ ಕೊಡಬಾರದು.
• ಗೊಂಬೆ ಹಬ್ಬಕ್ಕೆ ಒಂದು ತಿಂಗಳು ಮುಂಚೆ ಕುಶಲಕರ್ಮಿಗಳನ್ನು ಕರೆಸಿ ದುರಸ್ತಿ ದಿನ ಏರ್ಪಡಿಸುವುದು. ಮಾರಾಟಕ್ಕಲ್ಲದೆ ಮನೆಯಲ್ಲೇ ಇಟ್ಟುಕೊಳ್ಳುವವರಿಗೂ ಇದರಿಂದ ಅನುಕೂಲ.
• ಮಾರುವ ಪ್ರತಿಯೊಂದು ವಸ್ತುವಿಗೂ ಚೀಟಿ ಕಟ್ಟಿಸುವುದು. ಅದರಲ್ಲಿ "ಹಳೆಯದು, ದುರಸ್ತಿ ಮಾಡಿದ್ದು" ಎಂಬ ಮಾತು, ದುರಸ್ತಿಯಾದ ಭಾಗ, ಬಳಸಿದ ಬಣ್ಣ ಮತ್ತು ವಸ್ತು ಬಂದ ಊರು ಇರಬೇಕು.
• ಗುರುತಿನ ಚೀಟಿ ಇಲ್ಲದ ಕುಶಲಕರ್ಮಿಗಳಿಗೆ ಕೇಂದ್ರ ಕರಕುಶಲ ಇಲಾಖೆಯ ಪೆಹಚಾನ್ ಚೀಟಿಗೆ ಅರ್ಜಿ ಹಾಕಲು ನೆರವಾಗುವುದು.
• ಪಂಚಾಯಿತಿಯ ಖಾಲಿ ಜಾಗದಲ್ಲಿ ಅರಣ್ಯ ಇಲಾಖೆಯ ಸಲಹೆಯಂತೆ ಆಲೆ ಸಸಿ ನೆಡುವುದು.

6. ಸಭೆಯಲ್ಲಿ ಚರ್ಚಿಸಲು

(1) ಗ್ರಾಮದ ಅಂಗನವಾಡಿಯಲ್ಲಿರುವ ಮರದ ಆಟಿಕೆಗಳಲ್ಲಿ ಅರಗಿನವು ಎಷ್ಟು, ಎನಾಮೆಲ್ ಬಳಿದವು ಎಷ್ಟು?

(2) ಏಟಿಕೊಪ್ಪಾಕದ ಗೊಂಬೆಯೊಂದು ಚನ್ನಪಟ್ಟಣದ್ದೆಂದು ಮಾರಾಟಕ್ಕೆ ಬಂದರೆ ಮಾರುವವರಿಗೆ ಏನು ತಿಳಿಸಬೇಕು?

(3) ದುರಸ್ತಿಯ ಕೂಲಿಯನ್ನು ಯಾರು, ಯಾವಾಗ, ಯಾರ ಸಮ್ಮುಖದಲ್ಲಿ ನಿಗದಿಪಡಿಸಬೇಕು?

ಇವುಗಳಿಗೆ ಬಂದ ಉತ್ತರಗಳನ್ನು ಸಭೆಯ ನಡವಳಿಯಲ್ಲಿ ದಾಖಲಿಸುವುದು. ಮೊದಲನೆಯ ಪ್ರಶ್ನೆಗೆ ಸದಸ್ಯರು ಅಂಗನವಾಡಿಗೆ ಖುದ್ದಾಗಿ ಹೋಗಿ, ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಿಯೇ ಉತ್ತರ ಬರೆಯತಕ್ಕದ್ದು.